ಸೆರಗಿನ ಕಂದು ಪಟ್ಟೆ

ನವೆಂಬರ್ ೧೪, ಶುಕ್ರವಾರ. ಮುನಿರ್ಕಾ, ದೆಹಲಿ.

ಹಂಸಿನಿ ಈ ತಿಂಗಳ ‘ನನ್ನ ಮೆಚ್ಚಿನವು’ ಪೋಸ್ಟ್ ಹಾಕಿದ್ದಾಳೆ. ಸಂಜೆಯಿಂದ ಅದೇ ತಲೆ ತಿನ್ನುತ್ತಿದೆ. ಸಂಗೀತದಲ್ಲಿ ನಾನೇ ಅವಳಿಗೆ ಕೇಳಿಸಿದ ತುಳು ಜನಪದ ಹಾಡು, ಪಾಡ್ದನ. ಗೆಳೆಯರ ಬರಹದಲ್ಲಿ ಕಿರಣನ ಎರಡು ಕವಿತೆ. ನನ್ನ ಕತೆ ಇಲ್ಲ. ಹೋಗಲಿ. ಉಡುಪಿನಲ್ಲಿ ಮಾತ್ರ ನಾನಿದ್ದೇನೆ: ‘ರೂಮ್‌ಮೇಟ್ ನಿಶ್ಮಿತಾಳ ಉಡುಪಿ ಸೀರೆ.’ ಸೆರಗಿನ ಕೆಂಪು ಪಟ್ಟೆಗಳ ನಡುವೆ ಒಂದೇ ಒಂದು ಕಂದು ಪಟ್ಟೆಯಿದೆಯಲ್ಲ, ಅದರ ಫೋಟೊ. ಕೆಳಗೆ, ‘ಎಂಥಾ ಬೋಲ್ಡ್ ಡಿಸೈನ್!’

ಡಿಸೈನಂತೆ.

ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ. “ನಾನು ಕೊಟ್ಟ ಕತೆ ಓದಿದ್ಯಾ?”

“ಅಚ್ಛಾ, ಅದಾ? ಆವತ್ತೇ ಓದ್ದೆ ಕಣೇ. ಕೊನೆ ಅಂತೂ ಸೂಪರ್, ಅತ್ತೇಬಿಟ್ಟೆ.”

ಕೊತ್ತಂಬರಿ ಬಿಡಿಸುತ್ತಿದ್ದ ಕೈಯನ್ನೂ ಅವಳು ನಿಲ್ಲಿಸಲಿಲ್ಲ.

ಕತೆಯ ಕೊನೆಯಲ್ಲಿ ಇರುವುದೇ ಆ ಕಂದು ಪಟ್ಟೆ. ಕಣ್ಣು ಮಂಜಾಗಿದ್ದನ್ನು ಯಾರಿಗೂ ಹೇಳದೆ ಅಜ್ಜಿ ಮಗ್ಗಕ್ಕೆ ಕೂರುತ್ತಿದ್ದರು. ಕೆಂಪು ನೂಲೆಂದುಕೊಂಡು ಕಂದು ನೂಲಿನಲ್ಲಿ ನೇಯ್ದರು. ನೇಕಾರರ ಸೊಸೈಟಿಯವರು ಸೆರಗು ಬಿಡಿಸಿ ನೋಡಿ, ಎಲ್ಲರ ಎದುರಿಗೇ ಸೀರೆಯನ್ನು ವಾಪಸು ಕೊಟ್ಟರು. ಮರುದಿನದಿಂದ ಅಜ್ಜಿ ಮಗ್ಗ ಮುಟ್ಟಲಿಲ್ಲ. ಇಷ್ಟನ್ನು ಮೂರು ಪುಟದಲ್ಲಿ ಬರೆಯಲು ನನಗೆ ಎರಡು ವರ್ಷ ಬೇಕಾಯಿತು.

ಅತ್ತಳಂತೆ! ಮುಖಕ್ಕೆ ಹೊಡೆದ ಹಾಗೆ ಹೇಳಬೇಕಿತ್ತು. “ಥ್ಯಾಂಕ್ಸ್” ಅಂದೆ.

ಪೋಸ್ಟಿಗೆ ಇನ್ನೂರಕ್ಕೂ ಹೆಚ್ಚು ಲೈಕ್ ಬಂದಿವೆ. ಎಲ್ಲಕ್ಕಿಂತ ಮೊದಲನೆಯದು ನನ್ನದು. ಅವಳು ಹಾಕಿದ್ದಲ್ಲವೇ ಎಂದು, ಓದುವ ಮೊದಲೇ ಒತ್ತಿದ್ದೆ.