ನೀರೊಳಗಿನ ಗೇಟಿಗೆ ಬೀಗ ಹಾಕಿಸಿದ ಅಧಿಕಾರಿಗಳಿಗೆ

ಮಾನ್ಯರೇ,

ಗುಬ್ಬಿ–ಕುಣಿಗಲ್ ನಡುವಿನ ಕರೇಬಂಡೆ ದೊಣೆ ಎಂಬ ಬಂಡೆ ನಡುವಿನ ನೀರಹೊಂಡದಲ್ಲಿ, ಎರಡಾಳು ಆಳದಲ್ಲಿರುವ ಗವಿಯ ಬಾಯಿಗೆ ತಾವು ೨೦೦೨ರಲ್ಲಿ ಕಬ್ಬಿಣದ ಗೇಟು ಹಾಕಿಸಿ ಬೀಗ ಜಡಿಸಿದಿರಿ. ಎರಡು ವರ್ಷದ ಮೇಲೆ, ಕಳೆದ ತಿಂಗಳು, ಆ ಗೇಟು ಒಬ್ಬರ ಪ್ರಾಣವನ್ನೇ ತೆಗೆಯುತ್ತಿತ್ತು. ಅವರನ್ನು ಹೊರಗೆ ತಂದ ತಪ್ಪಿಗೆ ನನಗೆ 'ಅಕ್ರಮ ಪ್ರವೇಶ'ದ ನೋಟೀಸು ಬಂದಿದೆ. ಏಳು ದಿನದಲ್ಲಿ ಸಮಜಾಯಿಷಿ ಕೊಡಬೇಕಂತೆ. ನಾಲ್ಕು ಜನ ಓದಲಿ ಎಂದು ಈ ಬಹಿರಂಗ ಪತ್ರದಲ್ಲೇ ಕೊಡುತ್ತಿದ್ದೇನೆ.

ನಾನು ಅಂಜನಮೂರ್ತಿ, ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಕೆಲಸದವನು. ಭಾನುವಾರ ಮಾತ್ರ, ಮಂಗಳೂರಿನಿಂದ ತಂದ ಹಳೇ ಗಾಳಿ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಆ ಗವಿಗೆ ಇಳಿಯುತ್ತಿದ್ದೆ. ಕುಣಿಗಲ್ಲಿನ ರುದ್ರಯ್ಯನವರು ಕೆರೆಯಲ್ಲಿ ಈಜು ಕಲಿತವರು; ಬರೀ ಉಸಿರು ಬಿಗಿಹಿಡಿದು ಹೋಗಿಬರುವವರು. "ಸಿಲಿಂಡರ್ ಕಟ್ಕೊಂಡು ಮುಳುಗೋದೂ ಒಂದು ಮುಳುಗೋದಾ?" ಎಂದು ಹೋದಲ್ಲೆಲ್ಲ ಹೇಳುತ್ತಿದ್ದರು. ಗವಿಯೊಳಗೆ ಒಂದು ಕಡೆ ನೀರಿನ ಮೇಲೆ ತಲೆಯೆತ್ತಿ ಉಸಿರಾಡುವಷ್ಟು ಗಾಳಿಯ ಜಾಗವಿದೆ. ಅಲ್ಲಿಗೆ ಮೊದಲು ಹೋದವರು ಯಾರು ಎಂಬುದೇ ನಮ್ಮ ಜಗಳ. ಅವರಿಂದ ಅಪಾಯವಿದೆಯೆಂದು ನಾನು ತಮಗೆ ಅರ್ಜಿ ಬರೆದೆ. ನನ್ನಿಂದ ಅಪಾಯವಿದೆಯೆಂದು ಅವರು ಬರೆದರು. ಜಗತ್ತಿನಲ್ಲಿ ನಮ್ಮಿಬ್ಬರ ಮಾತನ್ನೂ ನಂಬಿದ ಏಕೈಕ ಕಚೇರಿ ತಮ್ಮದು.

ಹಾಗಾಗಿ ಗೇಟಿಗೆ ಆದೇಶವಾಯಿತು. ಆದರೆ ಅದನ್ನು ನೀರೊಳಗೆ ಕೂರಿಸಲು ತಮ್ಮ ಇಲಾಖೆಯಲ್ಲಿ ಈಜು ಬಲ್ಲವರಿರಲಿಲ್ಲ. ಗೇಟನ್ನು ವೆಲ್ಡ್ ಮಾಡಿದವನು ನಾನು. ಮುಳುಗಿ ಬೋಲ್ಟ್ ಬಿಗಿದವರು ರುದ್ರಯ್ಯ. ಬೀಗದ ಕೈ ನನಗೇ ಸಿಗುತ್ತದೆಂದು ನಾನು ನಂಬಿದ್ದೆ, ತನಗೇ ಎಂದು ರುದ್ರಯ್ಯ ನಂಬಿದ್ದರು. ಅದು ತಮ್ಮ ಡ್ರಾಯರ್ ಸೇರಿತು.

ಕಳೆದ ತಿಂಗಳು 'ವಾರ್ಷಿಕ ತಪಾಸಣೆ'ಗೆ ತಾವು ರುದ್ರಯ್ಯನವರ ಕೈಗೆ ಬೀಗದ ಕೈ ಕೊಟ್ಟಿರಿ. ಸುದ್ದಿ ತಿಳಿದು ಹೊಟ್ಟೆ ಉರಿಯಿತು. ಏನಾದರೂ ಹುಳುಕು ಸಿಕ್ಕೀತೆಂದು ಸಿಲಿಂಡರ್ ಸಮೇತ ಹೋಗಿ ದಂಡೆಯಲ್ಲಿ ನಿಂತೆ. ಅವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಸ್ವಲ್ಪ ಹೊತ್ತಿಗೆ ಹಗ್ಗ ಮೂರು ಸಲ ಜಗ್ಗಿತು. ಆಮೇಲೆ ಸಡಿಲವಾಯಿತು. ಮೊದಲ ಸಲ ಜಗ್ಗಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು ಎಂಬುದನ್ನೂ ತಮ್ಮ ಕಡತಕ್ಕೆ ಸೇರಿಸಿಕೊಳ್ಳಿ.

ನಾನು ಸಿಲಿಂಡರ್ ಎತ್ತಿಕೊಂಡಾಗ ತಮ್ಮ ಗುಮಾಸ್ತ ನಾಗಭೂಷಣ್ ಅಡ್ಡ ಬಂದರು.

"ಸಾರ್, ಆರ್ಡರ್‌ನಲ್ಲಿ ಒಬ್ಬರ ಹೆಸರೇ ಇರೋದು. ನೀವು ಇಳಿದ್ರೆ ನಾನು ಉತ್ತರ ಕೊಡ್ಬೇಕಾಗುತ್ತೆ."

"ಇಳೀದಿದ್ರೆ ಅವರ ಹೆಂಡ್ತಿಗೆ ಕೊಡ್ಬೇಕಾಗುತ್ತೆ, ಕೊಡ್ತೀರಾ?" ಎಂದು ದಂಡೆಯಲ್ಲಿ ಬಿದ್ದಿದ್ದ ಹಾರೆ ಹಿಡಿದು ಧುಮುಕಿದೆ.

ಗೇಟಿನ ಮೇಲಿನ ಕೀಲು ಮುರಿದು, ಗೇಟು ಓರೆಯಾಗಿ ಗವಿಯ ಬಾಯಿಗೆ ಸಿಕ್ಕಿಕೊಂಡಿತ್ತು. ಆ ಕೀಲು ವೆಲ್ಡ್ ಮಾಡಿದ್ದು ಇದೇ ಕೈ. ಹಾರೆ ಹಾಕಿ ಮೀಟಿದೆ. ಗೇಟು ಸರಿಸಿ ಒಳಗೆ ಹೋದರೆ, ಕತ್ತಲಲ್ಲಿ ಕುತ್ತಿಗೆಮಟ್ಟ ನೀರಿನಲ್ಲಿ ರುದ್ರಯ್ಯ ಬಂಡೆ ತಬ್ಬಿಕೊಂಡು ನಿಂತಿದ್ದರು. ಹಲ್ಲು ಕಟಕಟ ಎನ್ನುತ್ತಿತ್ತು.

"ಮೂರ್ತಿನಾ? ಪರ್ಮಿಶನ್ ತಗೊಂಡಿದ್ಯಾ?"

"ಇಲ್ಲ ಕಣಣ್ಣ."

"ನೋಟೀಸ್ ಬರುತ್ತೆ, ನೋಡ್ಕೊ."

ಸಿಲಿಂಡರಿನ ನಳಿಕೆಯನ್ನು ಅವರ ಬಾಯಿಗೆ ಹಿಡಿದೆ. ತಲೆಯಾಡಿಸಿ ತಳ್ಳಿದರು. ಮತ್ತೆ ಹಿಡಿದೆ. ಈ ಸಲ ಕಚ್ಚಿಕೊಂಡರು. ಒಂದೇ ನಳಿಕೆಯಲ್ಲಿ ಸರದಿಯಂತೆ ಉಸಿರೆಳೆಯುತ್ತ, ಅವರ ತೋಳು ಬಿಡದೆ ಮೇಲೆ ಬಂದೆ. ದಂಡೆಯಲ್ಲಿ ಅವರು ನನ್ನ ಮೊಣಕೈ ಹಿಡಿದುಕೊಂಡೇ ಬಹಳ ಹೊತ್ತು ಕೂತಿದ್ದರು.

ಅವರು ಹೇಳಿದಂತೆಯೇ ನನಗೆ ನೋಟೀಸು ಬಂತು. ಒದ್ದಾಟದಲ್ಲಿ ಬೀಗದ ಕೈ ಕಳೆದದ್ದಕ್ಕೆ ಅವರಿಗೂ ಒಂದು ಬಂತು. ಸರ್ಕಾರಿ ಸ್ವತ್ತು ಗವಿಯ ತಳದಲ್ಲಿ ಸುರಕ್ಷಿತವಾಗಿದೆ. ತಾವೇ ಖುದ್ದಾಗಿ ಇಳಿದು ಪರಿಶೀಲಿಸಬಹುದು.

ಹಾಗಾಗಿ ಸ್ವಾಮಿ, ಎರಡೂ ನೋಟೀಸು ಹಿಂಪಡೆಯಿರಿ. ಗೇಟು ಕಿತ್ತುಹಾಕಿಸಿ, ದಾರಿ ತಪ್ಪದಂತೆ ಗವಿಯುದ್ದಕ್ಕೂ ಗಟ್ಟಿ ಹಗ್ಗ ಕಟ್ಟಿಸಿ. ಒಬ್ಬರೇ ಇಳಿಯಬಾರದೆಂಬ ಒಂದೇ ನಿಯಮ ಸಾಕು. ನಮ್ಮ ಹಳೇ ಅರ್ಜಿಗಳನ್ನೆಲ್ಲ ದಯವಿಟ್ಟು ಹರಿದುಹಾಕಿ, ಓದಿದರೆ ನಾಚಿಕೆಯಾಗುತ್ತದೆ.

ಇಂತಿ,
ರುದ್ರಯ್ಯ, ಕುಣಿಗಲ್ (ನನ್ನ ಹೆಸರು ಮೊದಲಿರದಿದ್ದರೆ ಸಹಿ ಇಲ್ಲ ಎಂದವರು)
ಅಂಜನಮೂರ್ತಿ, ತುಮಕೂರು (ಪತ್ರ ಪೂರ್ತಿ ಬರೆದೂ ಎರಡನೆಯವನಾದವನು)