ಬೆನ್ನು ಹಾಕಿ ಕೂತ ಟೀಚರು

ಫೆಬ್ರವರಿ ಮೂವತ್ತು, ೨೧೮೭

ಹಿಂದಿನ ಕಾಲದ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಸಾವಂತ್ರೆವ್ವನ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ಯಾರೋ ಸೇರಿಸಿದರು, ಯಾಕೆ ಎಂದು ನನಗೂ ಗೊತ್ತಿಲ್ಲ. ನಿಮಗೆ ತಿಳಿಯದ ಶಬ್ದಗಳು ಬಂದರೆ, ಕಾಗುಣಿತ ತಪ್ಪಿದರೆ ಮನ್ನಿಸಿ. ಈ ಪತ್ರ ಹಿಂದಕ್ಕೆ ಹೋಗುತ್ತದೋ ಇಲ್ಲವೋ, ಹೋದರೂ ಓದುವವರ ಕೈಗೆ ಸಿಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಮೂರು ಸಲ ಬರೆದು ಹರಿದೆ. ನನ್ನ ಸ್ವಭಾವವೇ ಹೀಗೆ. ಚಿಲಕ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ತಿರುಗುವವಳು ನಾನು.

ನಮ್ಮದು ಗದಗ ಸೀಮೆಯ ಒಂದು ಊರು. ಬಿಸಿಲು ತಡೆಯಲಾಗದೆ ಮೈದಾನದ ಮೇಲೆಲ್ಲ ಬಟ್ಟೆಯ ಚಪ್ಪರ ಎಳೆದಿದ್ದಾರೆ, ಅದಕ್ಕೆ ನೆರಳಂಗಳ ಎನ್ನುತ್ತೇವೆ. ಎಂಟು ಹೊಡೆಯುವುದರೊಳಗೆ ಆಟ ಮುಗಿಯಬೇಕು, ಆಮೇಲೆ ಮಣ್ಣು ಕಾದ ಹಂಚಾಗುತ್ತದೆ. ಈಗ ಶಾಲೆಗಳಿಲ್ಲ, ಓದು ಬರಹವೆಲ್ಲ ಮನೆಯ ಪಾಠಗೋಡೆಯ ಮುಂದೆ. ಗೋಡೆಯೇ ಪ್ರಶ್ನೆ ಕೇಳುತ್ತದೆ, ಗೋಡೆಯೇ ತಿದ್ದುತ್ತದೆ, ಒಮ್ಮೆಯೂ ಗದರುವುದಿಲ್ಲ. ಮನುಷ್ಯರು ಎದುರು ನಿಂತು ಕಲಿಸುವುದು ಎಂದು ಉಳಿದದ್ದು ಓಟ, ಖೋ-ಖೋ, ಕುಸ್ತಿ ಮಾತ್ರ. ಅಲ್ಲಿಯೂ ಮಕ್ಕಳ ಎಡ ಹಿಮ್ಮಡಿಗೆ ಕಾಲ್ಬಿಲ್ಲೆ ಎಂಬುದನ್ನು ಅಂಟಿಸುತ್ತಾರೆ. ಅದು ಆ ಕಾಲಿಗಾದ ಪೆಟ್ಟು ಅಳೆಯುತ್ತದೆ, ಹಸಿರಾದರೆ ಓಡಬಹುದು, ಕೆಂಪಾದರೆ ಕೂಡಬೇಕು. ಸುತ್ತಲೂ ಕಣ್ಗಂಬಗಳಿವೆ. ಕಲಿಸುವವರು ಯಾವ ಮಗುವನ್ನು ಎಷ್ಟು ಹೊತ್ತು ನೋಡಿದರು ಎಂದು ಅವು ಗುರುತಿಟ್ಟು ಸಂಜೆ ಮನೆಗೆ ತಿಳಿಸುತ್ತವೆ. ಊಟಕ್ಕಿಂತ ಮೊದಲು ನಾವು ನೋಡುವುದು ಅದನ್ನೇ.

ನನ್ನ ಮಗಳು ಚಂಪಾಳಿಗೆ ಹದಿನಾಲ್ಕು ವರ್ಷ, ಎಂಟುನೂರು ಮೀಟರ್ ಓಡುವವಳು. ಅವಳಿಗೆ ಕಲಿಸುತ್ತಿದ್ದವರು ಫಕೀರವ್ವ ಟೀಚರು, ಅರವತ್ತು ದಾಟಿದವರು. ಸೋತ ಹುಡುಗಿ ಗೆದ್ದವಳ ಬೂಟಿನ ಲಾಡಿ ಬಿಚ್ಚಬೇಕು, ಗೆದ್ದವಳು ಸೋತವಳಿಗೆ ನೀರು ಕೊಡಬೇಕು ಎಂಬುದು ಅವರ ಪದ್ಧತಿ. ಒಂದು ದಿನ ಚಂಪಾ ಮನೆಗೆ ಬಂದು ನಕ್ಕಿದ್ದಳು. ಟೀಚರು ಎಲ್ಲರೆದುರು, "ಚಂಪೀ, ಮುಂಜಾನೆ ಏನೂ ತಿಂದಿಲ್ಲ ನೀ. ಹೆಜ್ಜಿ ಹಸದಾವ" ಎಂದರಂತೆ. ಅದು ನಿಜವಾಗಿತ್ತು. ಇವರಿಗೆ ಹೇಗೆ ತಿಳಿಯಿತು ಎಂದು ನಾನು ಕೇಳಲಿಲ್ಲ.

ಜಿಲ್ಲೆಯ ಆಯ್ಕೆಗೆ ಹತ್ತು ದಿನವಿರುವಾಗ ಕಣ್ಗಂಬದಿಂದ ಸಂದೇಶ ಬಂತು: ಚಂಪಾಳನ್ನು ನೋಡಿದ್ದು ಸೊನ್ನೆ ನಿಮಿಷ. ಮರುದಿನವೂ ಅದೇ. ಮೂರನೆಯ ದಿನ ನಾನೇ ಹೋದೆ. ಹುಡುಗಿಯರು ಓಡುತ್ತಿದ್ದಾರೆ, ಈಕೆ ಬಕೆಟ್ ಬೋರಲು ಹಾಕಿಕೊಂಡು, ಓಟದ ದಾರಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ಕೂತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು.

"ಏನ್ರೀ ಟೀಚರ್ರ, ಹುಡುಗ್ರನ್ನ ನೋಡೂದು ಬಿಟ್ಟು ನಿದ್ದಿ ಹೊಡಿಯಾಕತ್ತೀರೇನು?"

ಅವರು ತಿರುಗಲೂ ಇಲ್ಲ. "ಒಂದೀಟು ಸುಮ್ಮ ನಿಂದರ ಬೇ, ಸಾವಂತ್ರೆವ್ವಾ. ನಿನ್ನ ದನಿಯಾಗ ಇವರ ಕಾಲು ಕೇಳವಲ್ವು."

ಹುಡುಗಿಯರು ಕಿಸಕ್ಕನೆ ನಕ್ಕರು. ನನ್ನನ್ನು ಗೇಲಿ ಮಾಡಿದರೆಂದೇ ತಿಳಿದೆ. ಓಟ ಮುಗಿದ ಮೇಲೆ ಟೀಚರು ಚಂಪಾಳನ್ನು ಕರೆದು, ಎಡಗಾಲಿನ ಮುಂಗಾಲು ಎಲುಬನ್ನು ಒತ್ತಿ ನೋಡಿ, ಹದಿನೈದು ದಿನ ಓಡಬಾರದು ಎಂದರು. ಬಿಲ್ಲೆ ಹಸಿರಾಗಿತ್ತು. ಆಯ್ಕೆಗೆ ಉಳಿದದ್ದು ಒಂದೇ ವಾರ. ನನ್ನ ಮೇಲಿನ ಸಿಟ್ಟನ್ನು ಮಗಳ ಮೇಲೆ ತೀರಿಸುತ್ತಿದ್ದಾರೆ ಎಂದುಕೊಂಡೆ. ಅಂದು ಸಂಜೆಯೇ ಮೈದಾನ ಸಮಿತಿಗೆ ದೂರು ಕೊಟ್ಟೆ: ಈಕೆ ಮಕ್ಕಳಿಗೆ ಬೆನ್ನು ಹಾಕಿ ಕೂತು ನಿದ್ದೆ ಮಾಡುತ್ತಾರೆ. ಕಣ್ಗಂಬದ ಸಾಕ್ಷಿಯೂ ಇತ್ತಲ್ಲ. ನಾಲ್ಕನೆಯ ದಿನಕ್ಕೆ ಅವರನ್ನು ತೆಗೆದರು.

ಆಯ್ಕೆಯ ಎರಡನೆಯ ಸುತ್ತಿನಲ್ಲಿ ಚಂಪಾಳ ಎಡಗಾಲು ಮುರಿಯಿತು. ಎಲುಬು ವಾರಗಳ ಹಿಂದೆಯೇ ಬಿರುಕು ಬಿಟ್ಟಿತ್ತು ಎಂದು ಡಾಕ್ಟರು ಹೇಳಿದರು. ಹಾಸಿಗೆಯಲ್ಲಿ ಅವಳು ಬಾಯಿ ಬಿಟ್ಟಳು. ನೋವು ಶುರುವಾದಾಗಿನಿಂದ ಎಡಗಾಲಿನ ಬಿಲ್ಲೆ ಕಿತ್ತು ಬಲಗಾಲಿಗೆ ಅಂಟಿಸಿಕೊಳ್ಳುತ್ತಿದ್ದಳಂತೆ. "ಎಡಗಾಲು ತಡಾ ಬೀಳಾಕತ್ತೈತಿ ಅಂತ ಟೀಚರ್ ಹೇಳಿದ್ರು ಯವ್ವಾ. ಬಿಲ್ಲಿ ಮೋಸ ಹೋಗತೈತಿ, ಅವರ ಕಿವಿ ಹೋಗೂದಿಲ್ಲ. ನಾ ನಿನಗ ಹೇಳಲಿಲ್ಲ."

ನಾನು ಫಕೀರವ್ವ ಟೀಚರ ಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದರು, ಬಡಿಯುತ್ತಲೇ ಇದ್ದರು. ಬೈದಿದ್ದರೆ ಹಗುರಾಗುತ್ತಿತ್ತು. ಇಷ್ಟೇ ಅಂದರು: "ಎಲುಬು ಕೂಡತೈತಿ. ಕೂಡಿದ ಮ್ಯಾಲೆ ಓಡಸಾವ್ರು ಯಾರು?" ಹೆಜ್ಜೆಯ ಸದ್ದು ಕೇಳಿ ಮೈ ಅರಿಯುವ ಈ ವಿದ್ಯೆ ಅವರಿಗೆ ಅವರ ಗುರುವಿನಿಂದ, ಆ ಗುರುವಿಗೆ ಇನ್ನೊಬ್ಬರಿಂದ, ಹೀಗೆ ನಿಮ್ಮ ಕಾಲದಿಂದ ಬಂದದ್ದಂತೆ. ಎಲ್ಲಿಯೂ ಬರೆದಿಟ್ಟಿಲ್ಲ. ಪಕ್ಕದಲ್ಲಿ ಕೂಡಿಸಿಕೊಂಡು ವರ್ಷಗಟ್ಟಲೆ ಕಲಿಸಬೇಕು. ಇಬ್ಬರು ಹುಡುಗಿಯರಿಗೆ ಶುರು ಮಾಡಿದ್ದರು. ಅಷ್ಟರಲ್ಲಿ ನನ್ನ ದೂರು ಹೋಯಿತು.

ಈಗ ಬಂದಿರುವ ಹೊಸಬ ಎಲ್ಲರನ್ನೂ ಸಮಸಮ ನೋಡುತ್ತಾನೆ. ಕಣ್ಗಂಬಗಳಿಗೆ ಬಹಳ ತೃಪ್ತಿ. ಮೊನ್ನೆ ಅವನ ಬಳಿ ಓಟ ಕಲಿಯುವ ಪಕ್ಕದ ಮನೆಯ ಹುಡುಗಿ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದಳು. ಅಂದಿನಿಂದ ಓಣಿಯಲ್ಲಿ ಯಾವ ಮಗು ಹೋದರೂ ಕಿವಿ ನಿಮಿರಿಸುತ್ತೇನೆ. ನನಗೆ ಎಲ್ಲ ಕಾಲೂ ಒಂದೇ ಥರ ಕೇಳಿಸುತ್ತವೆ.

ದೂರು ಸುಳ್ಳು ಎಂದು ನಾನೇ ಬರೆದುಕೊಟ್ಟರೆ ಟೀಚರನ್ನು ಮರಳಿ ಕರೆಯಬಹುದು. ಆದರೆ ಸುಳ್ಳು ದೂರು ಕೊಟ್ಟವರ ಮಗು ಮೂರು ವರ್ಷ ಮೈದಾನ ಮೆಟ್ಟುವಂತಿಲ್ಲ ಎಂಬ ಕಾನೂನಿದೆ. ಹದಿನಾರು ದಾಟಿದವರಿಗೆ ಆಯ್ಕೆಯಿಲ್ಲ, ಕಾಲು ಕೂಡಿದರೂ ಚಂಪಾಳ ಓಟದ ವಯಸ್ಸು ಅಲ್ಲಿಗೆ ಮುಗಿದ ಹಾಗೆ. ನಾಲ್ಕು ದಿನ ಒದ್ದಾಡಿ ಅವಳನ್ನೇ ಕೇಳಿದೆ. ಗೋಡೆಗೆ ಮುಖ ಮಾಡಿ ಅಂದಳು: "ಬರಿ. ಆದ್ರ ಮೂರು ವರ್ಷ ನನ್ನ ಜೋಡಿ ಮಾತಾಡಬ್ಯಾಡ."

ಬರೆದಿದ್ದೇನೆ. ನಾಳೆ ಹತ್ತಕ್ಕೆ ಸಮಿತಿಯ ಮುಂದೆ ಹೋಗಬೇಕು. ಅವರು ಒಪ್ಪುತ್ತಾರೋ, ಟೀಚರಿಗೆ ಇನ್ನೆಷ್ಟು ವರ್ಷ ಮೈಯಲ್ಲಿ ಶಕ್ತಿಯಿದೆಯೋ, ಒಂದೂ ತಿಳಿಯದು.

ನಿಮ್ಮ ಕಾಲದಲ್ಲಿ ಶಾಲೆಗೊಬ್ಬ ಪಿ.ಟಿ. ಮಾಸ್ತರು ಇದ್ದರಂತೆ. ಯಾರು ಗೆದ್ದರು ಎಂದು ಮಾತ್ರ ಅವರನ್ನು ಕೇಳಬೇಡಿ. ಮಗುವಿನ ಬಗ್ಗೆ ನಿಮಗೇನು ಗೊತ್ತು, ಹೇಗೆ ಗೊತ್ತಾಯಿತು ಎಂದು ಕೇಳಿ. ಅವರ ಪಕ್ಕದಲ್ಲಿ ಒಬ್ಬರನ್ನು ಕಲಿಯಲು ಕೂಡಿಸಿ. ನೀವು ಒಬ್ಬೊಬ್ಬರನ್ನು ಉಳಿಸಿದ್ದರೂ ನಮ್ಮೂರಿಗೆ ಇನ್ನೊಬ್ಬರು ಇರುತ್ತಿದ್ದರು.

ಇಲ್ಲಿಗೆ ನಿಲ್ಲಿಸುತ್ತೇನೆ. ಚಂಪಾಳ ಗುಳಿಗೆಯ ಹೊತ್ತಾಯಿತು. ನೋವು ಹೇಗಿದೆ ಎಂದು ಕೇಳುವಂತಿಲ್ಲ. ನೀರಿನ ಲೋಟದ ಪಕ್ಕದಲ್ಲಿ ಇಟ್ಟು ಬರಬೇಕು.