ಮಾನ್‌ಮಾನ್‌ನ ಮಧ್ಯಾಹ್ನದ ನಿದ್ದೆ

ಅತ್ತೆಯವರಿಗೆ ದೊಂಗ್ವಾನ್ ನಗರದಿಂದ ನಮಸ್ಕಾರ.

ಇಲ್ಲಿ ಕಾರ್ಖಾನೆಯಲ್ಲಿ ಊಟವಾದ ಮೇಲೆ ಎಲ್ಲರೂ ಹೊಲಿಗೆ ಯಂತ್ರದ ಪಕ್ಕ ತಲೆಯಿಟ್ಟು ನಿದ್ದೆ ಮಾಡುತ್ತಾರೆ. ನನಗೆ ಫೋನ್ ಮಾಡಲು ಬಿಡುವು ಆಗ ಮಾತ್ರ. ಜೋರಾಗಿ ಮಾತಾಡುವಂತಿಲ್ಲ, ಅದಕ್ಕೇ ಈ ಪತ್ರ.

ಮಾನ್‌ಮಾನ್ ಮಲಗುವುದೂ ಅದೇ ಹೊತ್ತಿಗೆ. ಮೊನ್ನೆ ವಿಡಿಯೊ ಕರೆ ಮಾಡಿದಾಗ ನೀವು ಅವನನ್ನು ಎಬ್ಬಿಸಿ, "ನೋಡೋ ಕಳ್ಳ, ನಿಮ್ಮಮ್ಮ ಕಣೋ!" ಎಂದಿರಿ. ಅವನು ಅಳುತ್ತಾ ನಿಮ್ಮ ಕುತ್ತಿಗೆಯಲ್ಲಿ ಮುಖ ಹುದುಗಿಸಿದ. ನಿದ್ದೆಗಣ್ಣಿಗೆ ನನ್ನ ಗುರುತು ಹತ್ತಲಿಲ್ಲವೇನೋ.

ನನಗೊಂದು ಉಪಾಯ ಹೊಳೆದಿದೆ. ಬೆಳಗಿನ ಗಂಜಿ ಕುಡಿಸಿ, ನೀವು ಬೆನ್ನಿಗೆ ಕಟ್ಟಿಕೊಂಡು ಹೊಲಕ್ಕೆ ಹೋದರೆ ಅಲ್ಲೇ ನಿದ್ದೆ ಹೋಗುತ್ತಾನೆ. ದಿನವೂ ಸ್ವಲ್ಪ ಸ್ವಲ್ಪ ಬೇಗ ಮಲಗಿಸುತ್ತಾ ಬಂದರೆ ಮಧ್ಯಾಹ್ನ ತಾನಾಗಿಯೇ ಎದ್ದಿರುತ್ತಾನೆ.

ನಿಮಗೆ ಕಷ್ಟವಾದರೆ ಬೇಡ. ಎಬ್ಬಿಸಲೂ ಬೇಡಿ. ಫೋನನ್ನು ಅವನ ದಿಂಬಿಗೆ ಒರಗಿಸಿಡಿ. ನಾನು ಮಾತಾಡುವುದಿಲ್ಲ, ನೋಡುತ್ತಿರುತ್ತೇನೆ.

ನಿಮ್ಮ ಸೊಸೆ,
ಚುನ್‌ಯಾನ್